ಜಲಪಾತದ ಬಳಿ ತಡೆದವರಿಗೆ

ಯಲಬುರ್ಗಾ

ಯುವಕ ಮಂಡಳಿಯ ಅಧ್ಯಕ್ಷರಾದ ಸಿದ್ದಲಿಂಗೇಶ ಅವರಿಗೆ,

ಕಳೆದ ಭಾನುವಾರ ನಮ್ಮೂರ ಗುಡ್ಡದ ಜಲಪಾತದ ಬಳಿ ನಿಮ್ಮ ಹುಡುಗರು ನನ್ನನ್ನೂ ನನ್ನ ಪತಿ ಕೊಟ್ರಪ್ಪನವರನ್ನೂ ಕಳ್ಳರಂತೆ ತಡೆದು ನಿಲ್ಲಿಸಿದರು. ನಾನು ಮೊದಲ ಗಂಡನನ್ನು ಕಳೆದುಕೊಂಡವಳು, ಇವರು ಮೊದಲ ಹೆಂಡತಿಯನ್ನು. ಹೋದ ತಿಂಗಳು ರಿಜಿಸ್ಟರ್ ಮದುವೆಯಾಗಿದ್ದೇವೆ. ಅವರ ಮಗ ಬಸವಪ್ರಭುವಿಗೆ ಇದನ್ನು ಹೇಗೆ ತಿಳಿಸುವುದೆಂದು ಮಾತಾಡಲು ಅಲ್ಲಿ ಕುಳಿತಿದ್ದೆವು. ಮಳೆಯಾಗಿ ನೀರು ತುಂಬಿ ಧುಮುಕುತ್ತಿತ್ತು.

"ಏನ್ರೀ ಅಜ್ಜಾರ, ಈ ವಯಸ್ಸಿನ್ಯಾಗ ಜೋಡಿ ಹುಡುಕ್ಕೊಂಡೀರೇನು?" ಎಂದು ನಿಮ್ಮ ಹುಡುಗರು ನಕ್ಕರು.

"ನನ್ನ ಹೇಂತಿ ಅದಾಳೋ ತಮ್ಮಾ" ಎಂದು ನನ್ನವರು ಎರಡು ಸಲ ಹೇಳಿದರು. ಹುಡುಗರು ಅವರ ಫೋನ್ ಕಸಿದುಕೊಂಡು ಮಗನಿಗೇ ಕರೆ ಮಾಡಿದರು.

"ನಿಮ್ಮಪ್ಪ ಯಾವಾಕಿನ್ನೋ ಕಟ್ಟಿಕೊಂಡು ಇಲ್ಲಿ ಕುಂತಾನ. ಬಂದು ಕರ್ಕೊಂಡ್ ಹೋಗ್ರಿ."

ನಾವು ಹೇಳಬೇಕಿದ್ದ ಸುದ್ದಿಯನ್ನು ಬಸವಪ್ರಭು ಹೀಗೆ ಕೇಳಿದ. ಅಂದಿನಿಂದ ತಂದೆಯ ಕರೆ ಎತ್ತಿಲ್ಲ. ಇವರು ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಾರೆ.

ನಿಮ್ಮ ಹೆತ್ತ ತಾಯಿ ತೀರಿಹೋದ ಮೇಲೆ ನಿಮ್ಮ ತಂದೆ ಮತ್ತೆ ಮದುವೆಯಾದರು. ನಿಮ್ಮನ್ನು ಸಾಕಿದ ಆ ತಾಯಿಯನ್ನು ಇದೇ ಜಲಪಾತ ತೋರಿಸಲು ಕರೆದೊಯ್ದರು. ಅಂದು ಅವರಿಗೆ ರೊಟ್ಟಿಬುತ್ತಿ ಕಟ್ಟಿಕೊಟ್ಟವಳು ನಮ್ಮವ್ವ. ದಾರಿಯಲ್ಲಿ ಯಾರೂ ಅವರನ್ನು ತಡೆಯಲಿಲ್ಲ.

ನೀವೇ ಬಸವಪ್ರಭುವಿಗೆ ಫೋನ್ ಮಾಡಿ ನಿಜ ಹೇಳಬೇಕು. ಮುಂದಿನ ಗ್ರಾಮಸಭೆಗೆ ನಾವಿಬ್ಬರೂ ಜೊತೆಯಾಗಿ ಬರುತ್ತೇವೆ. ಗಂಡ ಹೆಂಡತಿ ಒಂದು ಕಡೆ ಕುಳಿತು ಮಾತಾಡಲು ನಿಮ್ಮ ಮಂಡಳಿಯ ಅಪ್ಪಣೆ ಏಕೆ ಬೇಕು? ಊರವರೆದುರು ಎದ್ದು ನಿಂತು ಉತ್ತರ ಕೊಡಿ.

ವಿರೂಪಾಕ್ಷಮ್ಮ,
ಕೊಟ್ರಪ್ಪನವರ ಹೆಂಡತಿ