ಒಂದು ಕಡೆಗೆ ವಾಲಿದ ಪತ್ರಿಕೆ

ಜುಲೈ ೯, ಮಂಗಳವಾರ

ಮಕ್ಕಳ ವಿಜ್ಞಾನ ಮಾಸಪತ್ರಿಕೆಯನ್ನು ನಮ್ಮ ಶಾಲೆಗೆ ಇನ್ನು ತರಿಸುವುದಿಲ್ಲವಂತೆ. ಇವತ್ತಿನ ಸಭೆಯಲ್ಲಿ ತೀರ್ಮಾನವಾಯಿತು. ಬೇಕು ಎಂದು ಕೈ ಎತ್ತಿದ್ದು ಗ್ರಂಥಪಾಲಕಿಯಾದ ನಾನೊಬ್ಬಳೇ. ಅದಕ್ಕೆ ಬೇಜಾರಿಲ್ಲ. ಮೊದಲು ಬೇಡವೆಂದವರು ಇತಿಹಾಸದ ಮೇಷ್ಟ್ರು, ಅದು ಚುಚ್ಚುತ್ತಿದೆ. ಇಷ್ಟು ವರ್ಷ ನನ್ನ ಜೊತೆ ಕೂತು ಊಟ ಮಾಡಿದವರು ಅವರೊಬ್ಬರೇ.

"ಈ ಸಲದ ಸಂಚಿಕೆಲಿ ಒಂದು ಕಾರ್ಖಾನೆ ಬಗ್ಗೆ ನಾಲ್ಕು ಪುಟ ಹೊಗಳಿದಾರೆ. ಪಕ್ಕದ ಕೆರೆ ಏನಾಯ್ತು ಅಂತ ಒಂದು ಸಾಲಿಲ್ಲ. ಇದನ್ನ ಮಕ್ಕಳ ಕೈಗೆ ಹೇಗೆ ಕೊಡೋದು?" ಎಂದರು.

ಹೊಸ ಸಂಚಿಕೆ ಬಂದ ದಿನ ಐದಾರು ತಲೆಗಳು ಒಂದೇ ಪುಟದ ಮೇಲೆ ಬಾಗುತ್ತವೆ, "ಏಯ್, ಆಗ್ಲೇ ತಿರುಗಿಸಬೇಡ್ವೋ" ಎಂದು ಕಿತ್ತಾಡುತ್ತವೆ. ಮೊಬೈಲ್ ಸಿಕ್ಕರೆ ಅವೇ ಮಕ್ಕಳು ಮೂಲೆಗೊಬ್ಬರಂತೆ ಕೂರುತ್ತಾರೆ. ಇದನ್ನು ಹೇಳಬೇಕಿತ್ತು. ಹೇಳಲಿಲ್ಲ.

ಸಭೆ ಮುಗಿದ ಮೇಲೆ ಮೇಷ್ಟ್ರು ಹತ್ತಿರ ಬಂದು, "ಮೇಡಂ, ಕೋಪಾನಾ?" ಎಂದರು.

"ಛೆ, ಕೋಪ ಯಾಕೆ ಸಾರ್?" ಎಂದವಳು ಗ್ರಂಥಾಲಯದ ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಡಬ್ಬಿ ಬಿಚ್ಚಿದೆ.

ಆ ಸಂಚಿಕೆಯನ್ನು ಮನೆಗೆ ತಂದು ಈಗ ಮತ್ತೆ ಓದಿದೆ. ಅವರು ಹೇಳಿದ್ದು ನಿಜ. ಕೆರೆಯ ಸುದ್ದಿಯೇ ಇಲ್ಲ. ಒಪ್ಪಿಕೊಳ್ಳೋಣವೆಂದರೂ ಈ ಮನೆಯಲ್ಲಿ ಕೇಳುವವರು ಯಾರಿದ್ದಾರೆ?

ನಾಳೆ ನಾನೇ ಅವರ ಮೇಜಿಗೆ ಹೋಗಬೇಕು. ಪತ್ರಿಕೆ ವಾಲುತ್ತದೆ, ಒಪ್ಪಿದೆ ಸಾರ್. ಆದರೆ ಎಲ್ಲಿ ವಾಲಿದೆ ಎಂದು ಬೆರಳಿಟ್ಟು ತೋರಿಸುವುದಕ್ಕಾದರೂ ಮಕ್ಕಳ ಮುಂದೆ ಒಂದು ಪುಟ ಬೇಡವೇ ಎಂದು ಕೇಳಬೇಕು. ಅವರು ಜಗಳಕ್ಕೆ ಇಳಿದರೆ ಸಾಕು. ಸುಮ್ಮನೆ "ಆಯ್ತು ಬಿಡಿ ಮೇಡಂ" ಎಂದುಬಿಟ್ಟರೆ ಮಾತ್ರ ನಾನು ನಾಳೆಯೂ ಒಬ್ಬಳೇ ಡಬ್ಬಿ ಬಿಚ್ಚಬೇಕಾಗುತ್ತದೆ.