ಅಮ್ಮನಿಗೆ ಹೇಳಲಾಗದ ಭಯ

ಅಕ್ಟೋಬರ್ ೧೪, ಮಂಗಳವಾರ

ಇವತ್ತು ಮೊದಲ ಸಲ ಕೌನ್ಸೆಲರ್ ಮೇಡಂ ಹತ್ತಿರ ಹೋದೆ. "ಯಾವ ಭಾಷೆಯಲ್ಲಿ ಮಾತಾಡಿದ್ರೆ ನಿಮಗೆ ಹಗುರ ಅನ್ಸುತ್ತೆ?" ಅಂದರು. ನನ್ನಂಥವಳಿಗೂ 'ನೀವು'! ಇಂಗ್ಲಿಷ್ ಅಂದೆ. ಆಂಗ್ಸೈಟಿ, ಪ್ಯಾನಿಕ್, ಕಾಲೇಜು ಬಿಡಬೇಕು ಅನ್ನಿಸ್ತಿರೋದು, ಎಲ್ಲ ಪಟಪಟ ಹೇಳಿದೆ, ಡಿಬೇಟಿನಲ್ಲಿ ಹೇಳುವ ಹಾಗೆ. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

"ಮನೇಲಿ ಹೇಳೋದು ಬಿಡೋದು ನಿಮ್ಮಿಷ್ಟ. ನಿಮ್ಮನ್ನ ಕೇಳದೆ ನಾನು ಯಾರಿಗೂ ಹೇಳಲ್ಲ" ಅಂದರು. ನನ್ನಿಷ್ಟ ಅಂತೆ! ಒಂದನೇ ಕ್ಲಾಸಿನಿಂದ ಹಾಸ್ಟೆಲ್ ಗಂಟೆಗೆ ಎದ್ದು ಗಂಟೆಗೆ ಮಲಗಿದವಳಿಗೆ ಇಷ್ಟ ಅನ್ನೋದು ಎಲ್ಲಿಂದ ಬರಬೇಕು?

ಆದರೂ ಸಂಜೆ ಧೈರ್ಯ ಮಾಡಿ ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮಾ, ನಂಗೆ ಭಯ ಆಗ್ತಿದೆ."

"ಯಾಕೆ, ರೂಮಿಗೆ ಜಿರಲೆ ಬಂತಾ?" ಅಂತ ನಕ್ಕಳು.

ಮುಂದಕ್ಕೆ ಕನ್ನಡವೇ ಹೊರಡಲಿಲ್ಲ. "ಹೊಟ್ಟೆ ನೋವು" ಅಂದುಬಿಟ್ಟೆ.

"ಅಷ್ಟೇನಾ? ಬಿಸಿನೀರು ಕುಡಿದು ಮಲಕ್ಕೋ ಪುಟ್ಟಿ."

ಎಷ್ಟು ನಿರಾಳ ಅವಳಿಗೆ. ನನ್ನ ಕನ್ನಡದಲ್ಲಿ ಇರೋ ಕಾಯಿಲೆ ಅದೊಂದೇ. ಅದಕ್ಕಿಂತ ದೊಡ್ಡದನ್ನು ಹೇಳೋಕೆ ಕಲಿಯುವ ಹೊತ್ತಿಗೆ ನಾನು ಮನೆಯಲ್ಲೇ ಇರಲಿಲ್ಲ. ಇಂಗ್ಲಿಷಿನಲ್ಲೇ ಹೇಳಿಬಿಡೋಣ ಅಂದ್ರೆ ಅವಳಿಗೆ ಅದು ಬರಲ್ಲ. ನನಗಾದರೂ ಬರಲಿ ಅಂತಲೇ ತಾನೇ ನನ್ನನ್ನು ಅಷ್ಟು ದೂರ ಇಟ್ಟಿದ್ದು.