ಕಪ್ಪಾಗುವ ಗುಳಿಗೆ

ಹಳೇ ಹುಬ್ಬಳ್ಳಿ
18-5-2003

ಪ್ರೀತಿಯ ಮಾಳವ್ವಕ್ಕನಿಗೆ ಕಾವೇರಿಯ ನಮಸ್ಕಾರಗಳು.

ನಿನ್ನ ಎರಡು ಪತ್ರ ಬಂದು ಕೂತಿವೆ. ಮೂರನೆಯದರಲ್ಲಿ ಬರೀ ಬೈಗುಳ ಇರುತ್ತದೆಂದು ಹೆದರಿ ಇವತ್ತು ಪೆನ್ನು ಹಿಡಿದೆ. ರಾಣೆಬೆನ್ನೂರಿನ ನಿನ್ನ ಹೊಸ ಮನೆಯ ವಾಸ್ತುಶಾಂತಿಗೂ ಬರಲಾಗಲಿಲ್ಲ, ತಪ್ಪಾಯಿತು, ಹೊಟ್ಟೆಗೆ ಹಾಕಿಕೋ. ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕಲ್ಲ, ಬರೆದಿದ್ದೇನೆ ಎಂದು ತಿಳಿದುಕೋ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಫೋನು ಇರುವುದು ಅತ್ತೆಯ ಹಾಸಿಗೆಯ ಪಕ್ಕದಲ್ಲಿ. ನಾನು ಹಲೋ ಎಂದರೆ ಸಾಕು, ಅವರ ಗೊರಕೆ ನಿಲ್ಲುತ್ತದೆ. ಈ ಪತ್ರವನ್ನು ಮಾವನ ಕೈಗೆ ಕೊಟ್ಟು ಓದಿಸಬೇಡ, ನೀನೊಬ್ಬಳೇ ಓದು.

ವಿಷಯ ನಮ್ಮ ಸುಮಾಳದು. ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿದದ್ದೇ ತಡ, ಹುಡುಗಿ ಬದಲಾದಳು. ಬಿಸಿಲೆಂದರೆ ಛತ್ರಿ ಹುಡುಕುತ್ತಿದ್ದವಳು ನಡುಮಧ್ಯಾಹ್ನ ಮಾಳಿಗೆ ಏರತೊಡಗಿದಳು. "ಯವ್ವಾ, ಹಪ್ಪಳಾ ನಾ ಕಾಯ್ತೇನಿ, ನೀ ಮಲಕ್ಕೋ" ಎನ್ನುತ್ತಿದ್ದಳು. ಕರೆದರೂ ಓಗೊಡದ ಮಗಳು ತಾನಾಗಿ ಕೆಲಸ ಮಾಡುತ್ತೇನೆಂದರೆ ಯಾವ ತಾಯಿಗೆ ನಿದ್ದೆ ಬರುತ್ತದೆ ಹೇಳು. ನನ್ನದು ಮೊದಲೇ ಸಂಶಯದ ಬುದ್ಧಿ, ನಿನಗೆ ಗೊತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ನನಗೆ ಕಾಮಾಲೆ ಇಲ್ಲದೆಯೇ ಹಾಗೆ ಕಾಣುತ್ತದೆ.

ಪಕ್ಕದ ಮನೆಯ ಅಮೀನಾಬಿ ಒಂದು ದಿನ ಗೋಡೆಯ ಆಚೆಯಿಂದ ಕರೆದರು. "ಕಾವೇರಿ, ನಿನ್ನ ಮಗಳಿಗೆ ಏನಾಗೇತಿ ಬೇಟಾ? ತೋಳ ಚಾಚಕೊಂಡು ಬಿಸಲಾಗ ಕುಂದರ್ತಾಳ. ಹಪ್ಪಳಾ ಹೊಳ್ಳಿಸಿ ಹಾಕಿದಂಗ ಮತ್ತ ಕೈ ಹೊಳ್ಳಿಸ್ತಾಳ." ನಮ್ಮ ಮಾಳಿಗೆಯ ಎದುರಿಗೇ ಐಟಿಐ ಹುಡುಗರ ಬಾಡಿಗೆ ಕೋಣೆಯ ಕಿಟಕಿ ಇದೆ. ಚಪ್ಪಲಿ ಬಿಟ್ಟು ಸದ್ದಿಲ್ಲದೆ ಮೇಲೆ ಹೋದೆ. ಕಿಟಕಿ ಮುಚ್ಚಿತ್ತು, ಹುಡುಗರು ರಜೆಗೆ ಊರಿಗೆ ಹೋಗಿ ವಾರವಾಗಿತ್ತಂತೆ. ಇವಳು ಮಾತ್ರ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಸುಡುವ ಗಚ್ಚಿನ ಮೇಲೆ ಕೂತಿದ್ದಳು, ಮುಖ ಕೆಂಪು ಮೆಣಸಿನಕಾಯಿ. ಏನೇ ಎಂದರೆ "ಏನಿಲ್ಲ ಬಿಡು" ಎಂದಳು. ಹುಡುಗ ಸಿಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ, ಯಾರೂ ಸಿಗದೆ ಸಂಶಯ ಇನ್ನೂ ಹೆಚ್ಚಾಯಿತು.

ಅಷ್ಟರಲ್ಲಿ ಅವಳ ಅಂಗೈ ಹಳದಿಯಾಗತೊಡಗಿತು. ಮೊದಲು ಅರಿಶಿನ ಹತ್ತಿರಬೇಕು ಎಂದುಕೊಂಡೆ. ತೊಳೆದರೆ ಹೋಗಲಿಲ್ಲ. ಅತ್ತೆ ಅವಳ ಕೈ ಹಿಡಿದು ನೋಡಿ "ಕಾಮಣಿ ಆಗೇತಿ ಇದಕ, ಎಣ್ಣಿ ಬಂದ್ ಮಾಡು. ಪಪ್ಪಾಯಿ ಕೊಡು, ಗಜ್ಜರಿ ರಸಾ ಕುಡಸು" ಎಂದರು. ಕುಡಿಸಿದೆನಲ್ಲ! ಕ್ಯಾರೆಟ್ಟು ತುರಿದು ತುರಿದು ನನ್ನ ಬೆರಳು ಸವೆದವು. ರಸ ಕುಡಿದಷ್ಟೂ ಹುಡುಗಿ ಹಳದಿಯಾದಳು, ಪಾದದ ತನಕ ಬಂತು. ಕದ್ದು ಮಿರ್ಚಿ ಭಜಿ ತಿನ್ನುತ್ತಿದ್ದಾಳೆಂದು ನನಗೆ ಗುಮಾನಿ. ಅವಳು ಸ್ನಾನಕ್ಕೆ ಹೋದಾಗ ಚೀಲ, ಕಪಾಟು ಎಲ್ಲ ಜಾಲಾಡಿದೆ. ಭಜಿಯ ಎಣ್ಣೆ ಕಾಗದ ಸಿಗಲಿಲ್ಲ. ಹಳೆಯ ಲಂಗದಲ್ಲಿ ಸುತ್ತಿಟ್ಟ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಒಳಗೆ ಕೇಸರಿ ಬಣ್ಣದ ಗುಳಿಗೆ, ಮೇಲೆ ಚಡ್ಡಿ ಹಾಕಿಕೊಂಡ ಪೈಲ್ವಾನನ ಚಿತ್ರ.

ನನ್ನ ತಲೆ ಎಲ್ಲೆಲ್ಲಿಗೆ ಓಡಿತು ಎಂದು ಬರೆಯಲು ನಾಚಿಕೆ. ಜಿಮ್ಮಿನ ಹುಡುಗ ಯಾರೋ ಗಂಟು ಬಿದ್ದಿದ್ದಾನೆ ಎಂದೇ ತಿಳಿದು, ಬಾಗಿಲು ಹಾಕಿ, ಕೈಯಲ್ಲಿ ಲಟ್ಟಣಿಗೆ ಹಿಡಿದು ಕೇಳಿದೆ.

"ಯಾರ ಕೊಟ್ಟಾರ ಇದನ್ನ?"

ಅವಳು ಡಬ್ಬಿಗೆ ಕೈ ಚಾಚಿದಳು, ನಾನು ಹಿಂದಕ್ಕೆ ಎಳೆದುಕೊಂಡೆ.

"ಎದಕ್ಕ ತಗೊಳಾಕತ್ತಿ, ಅದನ್ನರ ಹೇಳು."

"ಕಪ್ಪಾಗಾಕ."

ಅಕ್ಕಾ, ನನಗೆ ನಗು ಬಂತು. ಹುಬ್ಬಳ್ಳಿಯ ಹುಡುಗಿಯರೆಲ್ಲ ಬೆಳ್ಳಗಾಗಲು ಮುಖಕ್ಕೆ ಏನೇನೋ ಬಳಿದುಕೊಳ್ಳುವಾಗ, ಹಾಲಿನಂಥ ನನ್ನ ಮಗಳು ಕಪ್ಪಾಗಲು ಗುಳಿಗೆ ನುಂಗುತ್ತಾಳೆ! ಇದನ್ನು ತಿಂದು ಬಿಸಿಲಿಗೆ ಕೂತರೆ ಬೇಗ ಬಣ್ಣ ಏರುತ್ತದಂತೆ, ಸ್ಪರ್ಧೆಗೆ ನಿಲ್ಲುವ ಪೈಲ್ವಾನರು ದೀಪದ ಬೆಳಕಿಗೆ ಮೈ ಕಪ್ಪಗೆ ಕಾಣಲೆಂದು ತಿನ್ನುತ್ತಾರಂತೆ. "ಯಾಕವಾ ಸುಮಾ?" ಎಂದೆ. "ಅಪ್ಪನ್ಹಂಗ ಆಗಾಕ" ಎಂದಳು. ನನ್ನ ನಗು ಅಲ್ಲೇ ನಿಂತಿತು. ಲಟ್ಟಣಿಗೆ ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ನಿನಗೆ ಹಳೆಯದೆಲ್ಲ ಗೊತ್ತು. ಇವಳು ಹುಟ್ಟಿದ ದಿನ ಅತ್ತೆ ಕೂಸಿನ ಕಿವಿಯಂಚು ಹಿಡಿದು ನೋಡಿ, "ಕಿವಿ ಕರೇ ಇದ್ರ ಕೂಸು ಮುಂದ ಕರಗಾಗತೈತಿ" ಎಂದು ಹುಡುಕಿದ್ದು, ಸಿಗದೆ ಮುಖ ಗಂಟಿಕ್ಕಿದ್ದು. ಈ ಮನೆಯಲ್ಲಿ ಎಲ್ಲರೂ ಎರೆಮಣ್ಣಿನ ಬಣ್ಣ. ನಾನೂ ಅದೇ, ನೀನೂ ಅದೇ. ಸುಮಾ ಒಬ್ಬಳು ನಮ್ಮ ಮುದಕವ್ವ ಅಜ್ಜಿಯ ಬಣ್ಣ ಹೊತ್ತು ಬಂದಳು. ಅಜ್ಜಿಯನ್ನು ಇಲ್ಲಿ ನೋಡಿದವರು ಯಾರಿದ್ದಾರೆ? ಮಾರ್ಚಿನಲ್ಲಿ ಇವರ ಚಿಕ್ಕಪ್ಪನ ಮಗನ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಯಾರೋ ಹೆಣ್ಣುಮಗಳು ಸುಮಾಳ ಗಲ್ಲ ಹಿಡಿದು "ನಿಮ್ಮ ಕರೇ ಮಂದ್ಯಾಗ ಇಂಥಾ ಬೆಳ್ಳಕ್ಕಿ ಎಲ್ಲಿಂದ ಬಂತ್ರಿ?" ಎಂದಳು. ನಮ್ಮತ್ತೆ ಹೋಳಿಗೆ ಮುರಿಯುತ್ತ "ಅದನ್ನ ಅದರ ಅವ್ವನ್ನ ಕೇಳ್ರಿ" ಎಂದುಬಿಟ್ಟರು. ಪಂಕ್ತಿಯೇ ನಕ್ಕಿತು. ಸುಮಾ ನನ್ನ ಮುಖ ನೋಡಿದಳು. ಇವರು ಎದುರಿನ ಸಾಲಿನಲ್ಲೇ ಇದ್ದರು, ತಲೆ ಎತ್ತಲಿಲ್ಲ. ಮಾತು ಕಡಿಮೆಯ ಮನುಷ್ಯ, ತಾಯಿಯ ಎದುರು ಇನ್ನೂ ಕಡಿಮೆ ಎಂದು ನಾನೇ ಸಮಾಧಾನ ಮಾಡಿಕೊಂಡೆ.

ಆ ದಿನದಿಂದ ನನ್ನ ಕೂಸು ತನ್ನ ಮೈಯ ಬಣ್ಣದಿಂದ ನನ್ನ ಮಾನ ಉಳಿಸಲು ಹೊರಟಿತ್ತು, ಅಕ್ಕಾ.

ವಿದ್ಯಾನಗರದ ಡಾಕ್ಟರ ಬಳಿ ಕರೆದೊಯ್ದೆ. ಕಣ್ಣ ರೆಪ್ಪೆ ಕೆಳಗೆಳೆದು ನೋಡಿ, "ಕಣ್ಣು ಬೆಳ್ಳಗೇ ಅವ. ಕಾಮಣಿ ಅಲ್ಲ ಇದು" ಎಂದರು. ಡಬ್ಬಿ ಮೇಜಿನ ಮೇಲಿಟ್ಟೆ. ಓದಿ ನಕ್ಕರು. "ಗಜ್ಜರಿ ಒಳಗ ಇರೂ ಬಣ್ಣಾನ ಇದರೊಳಗ ಅದ. ಅದು ಅಂಗೈ, ಅಂಗಾಲಿನ್ಯಾಗ ಕೂಡತದ, ಅಷ್ಟ. ಗುಳಗಿ ತಗೊಂಡ್ರ ಬಿಸಲಿಗೆ ಲಗೂ ಕಪ್ಪಾಗ್ತಾರ ಅನ್ನೂದು ಮಾರೋರ ಮಾತು ನೋಡ್ರಿ. ಅದರ ಮ್ಯಾಲ ನೀವು ಗಜ್ಜರಿ ರಸಾ ಬ್ಯಾರೆ ಕುಡಿಸೀರಿ!" ಗುಳಿಗೆ ನಿಲ್ಲಿಸಿದರೆ ಹಳದಿ ತಾನಾಗಿ ಇಳಿಯುತ್ತದಂತೆ. ಸುಮಾ ಮೆಲ್ಲಗೆ ಕೇಳಿದಳು, "ಬರೇ ಬಿಸಲಾಗ ಕುಂತ್ರ ಆಗೂದಿಲ್ಲೇನ್ರಿ?" "ನಿನ್ನ ತೊಗಲು ಕೆಂಪಾಗಿ ಸುಡತದ, ತಂಗಿ. ದೇವರು ಕೊಟ್ಟ ಬಣ್ಣ ಅದ, ಇರಲಿ ಬಿಡು" ಎಂದರು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಬೆಳ್ಳಗಾಗುವುದಿಲ್ಲ ಎಂದು ಅಳುವವರನ್ನು ದಿನಾ ನೋಡುವ ಡಾಕ್ಟರು, ಇವಳನ್ನು ನೋಡಿ ಪೆನ್ನು ಕೆಳಗಿಟ್ಟರು.

ಅದಕ್ಕೇ ನಿನ್ನಲ್ಲಿ ಒಂದು ಬೇಡಿಕೆ. ಕಾರಹುಣ್ಣಿಮೆಗೆ ನೀನು ಬರಲೇಬೇಕು. ಬಂದು, ನಮ್ಮ ನಡುಮನೆಯಲ್ಲಿ ಕೂತು, ಅತ್ತೆಗೆ ಕೇಳುವ ಹಾಗೆ ಗಟ್ಟಿಯಾಗಿ ಮುದಕವ್ವ ಅಜ್ಜಿ ಹೇಗಿದ್ದಳು ಎಂದು ಸುಮಾಳಿಗೆ ಹೇಳು. ನಾನು ಹೇಳಿದರೆ ನನ್ನ ತಪ್ಪು ಮುಚ್ಚಿಕೊಳ್ಳುವ ಮಾತಾಗುತ್ತದೆ. ಮಾಡದ ತಪ್ಪಿಗೆ ಸಾಕ್ಷಿ ಕರೆಯುವ ಸ್ಥಿತಿ ಬಂತಲ್ಲ ಎಂದು ಸಿಟ್ಟೂ ಬರುತ್ತದೆ, ಆದರೂ ಬಾ.

ಮಾವನಿಗೆ ನಮಸ್ಕಾರ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ, ಹಾಲುಂಡು ತಣ್ಣಗಿರಲಿ. ನಿನ್ನ ಹೊಸ ಮನೆಯಲ್ಲಿ ಯಾರೂ ಯಾರ ಮೇಲೂ ಕಣ್ಣಿಡದ ಹಾಗೆ ಬೀರದೇವರು ಕಾಯಲಿ.

ನಿನ್ನ ತಂಗಿ,
ಕಾವೇರಿ

ತಾ.ಕ.: ಡಬ್ಬಿ ಎಲ್ಲಿಂದ ಬಂತು ಎಂದು ನೀನು ಕೇಳಿಯೇ ಕೇಳುತ್ತೀ. ಮೇಲೆ ಬರೆಯಲು ಕೈ ಬರಲಿಲ್ಲ. ಡಾಕ್ಟರ ಹತ್ತಿರದಿಂದ ಬರುವಾಗ ಆಟೋದಲ್ಲಿ ಸುಮಾ ತಾನಾಗಿ ಹೇಳಿದಳು. "ಅಪ್ಪಾ ಗೋಕುಲ ರೋಡಿನ ಅಂಗಡ್ಯಾಗಿಂದ ತಂದು ಕೊಟ್ಟಾನ. ನಿಮ್ಮವ್ವಗ ಹೇಳಬ್ಯಾಡ ಅಂದಾನ." ಸಂಜೆ ಇವರು ಕಾರ್ಖಾನೆಯಿಂದ ಬಂದಾಗ ಡಬ್ಬಿ ಮುಂದಿಟ್ಟು ಡಾಕ್ಟರು ಅಂದದ್ದನ್ನೆಲ್ಲ ಹೇಳಿದೆ. ಮಗಳ ಕೈ ಹೇಗಿದೆ ಎಂದು ಕೇಳಲಿಲ್ಲ. ಡಬ್ಬಿ ತಿರುಗಿಸುತ್ತ, ನನ್ನ ಮುಖ ನೋಡದೆ ಕೇಳಿದರು: "ಹಂಗಾರ, ಆಕಿ ಕಪ್ಪಾಗೂದ ಇಲ್ಲೇನು?" ಅಕ್ಕಾ, ನಾನು ಊರಲ್ಲಿ ಎಲ್ಲರ ಮೇಲೂ ಸಂಶಯಪಟ್ಟೆ, ಇವರೊಬ್ಬರನ್ನು ಬಿಟ್ಟು.